ಎರಡು ಬುಟ್ಟಿ ಅಕ್ಕಿ

ನ್ಯಾಮತಿ ಇನ್ನೂ ತಾಲ್ಲೂಕಾಗಿರದೆ, ಒಂದು ಸಣ್ಣ ದಾಖಲೆಗೂ ಹೊನ್ನಾಳಿಯ ಬಸ್ಸು ಹತ್ತಬೇಕಾಗಿದ್ದ ಆ ವರ್ಷಗಳಲ್ಲಿ, ನಮ್ಮ ಸಭೆಗೆ ಸೇರಿದ ಮನೆ ಯಾವುದೆಂದು ಅಡುಗೆಮನೆಗೆ ಹೋದರೆ ತಿಳಿಯುತ್ತಿತ್ತು. ಒಲೆಯ ಪಕ್ಕ ಒಂದು ಡಬ್ಬಿ ಇರುತ್ತಿತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಅದರಿಂದಲೇ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕಬೇಕು. ಅದು ದೇವರ ಪಾಲು. ಹಿಡಿ ಅಕ್ಕಿ ಎಂದು ಅದರ ಹೆಸರು. ನಮ್ಮ ಮನೆಯದು ಹಾಲಿನ ಪುಡಿಯ ಹಳೆಯ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ, ಹುಳು ಬಾರದಿರಲೆಂದು ಅಮ್ಮ ಹಾಕಿಟ್ಟ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ಹಿಡಿಯನ್ನು ನಾನೇ ಹಾಕಬೇಕೆಂದು ಹಟ ಮಾಡುತ್ತಿದ್ದೆ. ನನ್ನ ಹಿಡಿ ಚಿಕ್ಕದು, ದೇವರಿಗೆ ಮೋಸವಾಗುತ್ತದೆ ಎಂದು ಅಮ್ಮ ಎರಡು ಸಲ ಹಾಕಿಸುತ್ತಿದ್ದಳು.

ಸಭೆ ಎಂದರೆ ಇಪ್ಪತ್ತರ ಆಸುಪಾಸಿನ ಕ್ರೈಸ್ತ ಕುಟುಂಬಗಳು ಮತ್ತು ಹೆಂಚು ಹೊದಿಸಿದ ಒಂದು ಪ್ರಾರ್ಥನಾ ಮಂದಿರ. ಪಾಸ್ಟರ್ ಹೊನ್ನಾಳಿಯಲ್ಲಿದ್ದರು, ಚನ್ನಗಿರಿಯ ಸಭೆಯೂ ಅವರದೇ ಆದ್ದರಿಂದ ನಮಗೆ ತಿಂಗಳಲ್ಲಿ ಎರಡು ಭಾನುವಾರ ಮಾತ್ರ ಸಿಗುತ್ತಿದ್ದರು. ಉಳಿದ ಭಾನುವಾರ ಆರಾಧನೆ ನಡೆಸುತ್ತಿದ್ದವರು ಸಭೆಯ ಹಿರಿಯರಾದ ನನ್ನ ಅಪ್ಪ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದುದರಿಂದ ಊರಿಗೆಲ್ಲ ಅವರು ಮೇಷ್ಟ್ರು. ಅಕ್ಟೋಬರ್‌ನಿಂದ ಪ್ರತಿ ಭಾನುವಾರ ತಂದು ಕೂಡಿಸಿದ ಹಿಡಿ ಅಕ್ಕಿಯನ್ನು ಡಿಸೆಂಬರಿನ ಸುಗ್ಗಿ ಆರಾಧನೆಯ ದಿನ ಪೀಠದ ಮುಂದಿಟ್ಟು ಅರ್ಪಿಸಿ, ಆಮೇಲೆ ಹಿತ್ತಲಿನಲ್ಲಿ ಒಲೆ ಹೂಡಿ ಎಲ್ಲರಿಗೂ ಅಡುಗೆ ಮಾಡುತ್ತಿದ್ದರು. ಆ ಊಟಕ್ಕೆ ಪ್ರೀತಿ ಭೋಜನ ಎಂದು ಹೆಸರು. ಮುಸುಕಿನ ಜೋಳದ ತೆನೆ, ಭತ್ತದ ಕಟ್ಟು, ಬೂದುಗುಂಬಳ, ಕಾಲು ಕಟ್ಟಿದ ಒಂದೆರಡು ನಾಟಿ ಕೋಳಿ ಎಲ್ಲವೂ ಪೀಠದ ಸುತ್ತ ಸೇರಿ, ಅಂದು ಮಂದಿರಕ್ಕೆ ಕಣದ ವಾಸನೆ ಬರುತ್ತಿತ್ತು.

ಅಕ್ಕಿಗೆ ಮಾತ್ರ ಎರಡು ಬುಟ್ಟಿಗಳಿದ್ದವು. ಪೀಠದ ಬಲಗಡೆ ಬಿದಿರಿನದು, ಎಡಗಡೆ ಪ್ಲಾಸ್ಟಿಕ್ ಹೆಣಿಗೆಯದು. ಪೇಟೆ ಬೀದಿಯ ಮನೆಗಳವರು, ಅಂದರೆ ನಾವು, ಬಿದಿರಿನ ಬುಟ್ಟಿಗೆ ಸುರಿಯುತ್ತಿದ್ದೆವು. ಕಾಲೊನಿಯ ಮನೆಗಳವರು ಪ್ಲಾಸ್ಟಿಕ್ ಬುಟ್ಟಿಗೆ ಸುರಿಯುತ್ತಿದ್ದರು. ಯಾಕೆಂದು ಕೇಳಿದಾಗ ಅಪ್ಪ ಕೊಟ್ಟ ಕಾರಣ ವಿಜ್ಞಾನದ್ದು. ನಮ್ಮದು ಸೋನಾ ಮಸೂರಿ, ಅವರದು ರೇಷನ್ನಿನ ದಪ್ಪಕ್ಕಿ; ಎರಡನ್ನೂ ಒಂದೇ ಪಾತ್ರೆಗೆ ಹಾಕಿದರೆ ದಪ್ಪಕ್ಕಿ ಬೇಯುವಷ್ಟರಲ್ಲಿ ಸೋನಾ ಮುದ್ದೆಯಾಗುತ್ತದೆ. ಈ ಮಾತು ಸುಳ್ಳಲ್ಲ. ಅದಕ್ಕೇ ಅದು ಅಷ್ಟು ವರ್ಷ ಬಾಳಿತು. ಹೀಗಾಗಿ ಎರಡು ಬುಟ್ಟಿ, ಎರಡು ಪಾತ್ರೆ, ಎರಡು ಪಂಕ್ತಿ. ನಾವು ಮಂದಿರದ ಜಗಲಿಯ ಮೇಲೆ ಉಣ್ಣುತ್ತಿದ್ದೆವು, ಅವರು ಹೊಂಗೆ ಮರದ ಕೆಳಗೆ ಉಣ್ಣುತ್ತಿದ್ದರು. ಊಟವಾದ ಮೇಲೆ ಎರಡೂ ಪಾತ್ರೆಗಳನ್ನು ಉಜ್ಜುತ್ತಿದ್ದವರು ಕಾಲೊನಿಯ ಹೆಂಗಸರು. ಉಜ್ಜುವಾಗ ಯಾವ ಪಾತ್ರೆ ಯಾರದೆಂಬ ಭೇದ ಯಾರಿಗೂ ನೆನಪಾಗುತ್ತಿರಲಿಲ್ಲ.

ಇದು ಜಾತಿ. ಇನ್ನೊಂದು ಹೆಸರಿನಿಂದ ಇದನ್ನು ಕರೆಯುವುದು ತಪ್ಪು. ಕ್ರಿಸ್ತನಲ್ಲಿ ಎಲ್ಲರೂ ಒಂದೇ ದೇಹ ಎಂದು ಪ್ರತಿ ಭಾನುವಾರ ಬಾಯಿ ತುಂಬ ಹೇಳುತ್ತಿದ್ದ ನಾವು, ಮುತ್ತಜ್ಜಂದಿರು ಮತಾಂತರವಾದಾಗ ಬಿಟ್ಟುಬಂದೆವೆಂದು ಹೇಳಿಕೊಳ್ಳುತ್ತಿದ್ದುದನ್ನೆಲ್ಲ ಅಕ್ಕಿಯ ಬುಟ್ಟಿಯಲ್ಲಿ ಹೊತ್ತು ತಂದಿದ್ದೆವು. ಹತ್ತು ವರ್ಷದ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ನನ್ನನ್ನು ಪೂರ್ತಿ ಬಿಡುಗಡೆ ಮಾಡುವುದಿಲ್ಲ, ಏಕೆಂದರೆ ಯಾರ ಡಬ್ಬಿ ಯಾವ ಬುಟ್ಟಿಗೆ ಹೋಗಬೇಕೆಂಬುದು ನನಗೆ ಯಾರೂ ಹೇಳಿಕೊಡದೆಯೇ ಗೊತ್ತಿತ್ತು.

ಭಾನುವಾರದ ಶಾಲೆಯನ್ನು ನಡೆಸುತ್ತಿದ್ದವರು ಸುಗುಣ ಟೀಚರ್. ತ್ಯಾವಣಿಗೆ ಕಡೆಯವರು, ವಾರವೆಲ್ಲ ನರ್ಸ್ ಆಗಿ ಹಳ್ಳಿ ಹಳ್ಳಿ ಸುತ್ತಿ, ಭಾನುವಾರ ಡೆಟಾಲ್ ವಾಸನೆಯ ಸೀರೆಯಲ್ಲಿಯೇ ಬಂದುಬಿಡುತ್ತಿದ್ದರು. ಅವರ ತರಗತಿಯಲ್ಲಿ ನಮಗೆ ಪ್ರಿಯವಾದ ಆಟವೊಂದಿತ್ತು. ಟೀಚರ್ ಅಧ್ಯಾಯ, ವಚನ ಹೇಳಿದ ಕೂಡಲೇ ಬೈಬಲ್ ಬಿಡಿಸಿ ಮೊದಲು ಹುಡುಕಿದವರು ಎದ್ದು ನಿಲ್ಲಬೇಕು. ಪುಟ ಹರಿದು ಮನೆಯಲ್ಲಿ ಪೆಟ್ಟು ತಿಂದವರಿದ್ದರು. ಆದರೆ ವಚನ ಬಾಯಿಪಾಠ ಮಾಡಿದ್ದಕ್ಕೆ ಟೀಚರ್ ಯಾರಿಗೂ ನಕ್ಷತ್ರ ಕೊಡುತ್ತಿರಲಿಲ್ಲ. "ಬಾಯಾಗೆ ಬಂತು. ಕೈಯಾಗೆ ಬಂತಾ?" ಎಂದು ಕೇಳುತ್ತಿದ್ದರು. ಹಿಂದಿನ ವಾರದ ವಚನದಂತೆ ಏನು ಮಾಡಿದೆ ಎಂಬುದನ್ನು ಪ್ರತಿಯೊಬ್ಬರೂ ಎದ್ದುನಿಂತು ಒಪ್ಪಿಸಬೇಕಿತ್ತು. ಒಮ್ಮೆ ದರ್ಜಿಯವರ ಮನೆಯ ಡೇವಿಡ್, ತಮ್ಮನ ಬುಗುರಿಯನ್ನು ತಮ್ಮನಿಗೇ ಹಿಂದಿರುಗಿಸಿದೆನೆಂದು ಹೆಮ್ಮೆಯಿಂದ ಹೇಳಿದ.

"ಕಸಕೊಂಡಿದ್ದು ಯಾವಾಗ?" ಎಂದರು ಟೀಚರ್.

"ಇವತ್ತು ಬೆಳಿಗ್ಗೆ ಟೀಚರ್. ಹೇಳಾಕೆ ಬೇರೆ ಏನೂ ಇರ್ಲಿಲ್ಲ."

ಆ ಸಲದ ನವೆಂಬರಿನಲ್ಲಿ ಬುಟ್ಟಿಗಳ ಬಳಿ ನಿಂತು ಎಲ್ಲರ ಡಬ್ಬಿ ತೆಗೆದುಕೊಂಡು ಸುರಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಭಾನುವಾರ ಕರುಣಮ್ಮ ಬಂದರು. ಅವರು ಪಂಚಾಯಿತಿಯಲ್ಲಿ ಬೀದಿ ಗುಡಿಸುವ ಕೆಲಸದಲ್ಲಿದ್ದರು. ಅವರ ಮಗಳು ಎಸ್ತೇರ್ ಶಾಲೆಯಲ್ಲಿ ನನ್ನ ಬೆಂಚಿನವಳು. ಎಸ್ತೇರಳಿಗೆ ವಿಷಮಜ್ವರ ಬಂದು, ಮೂರು ವಾರ ಮಲಗಿ, ಎದ್ದಿದ್ದಳು. ಆ ಕೃತಜ್ಞತೆಗಾಗಿ ಕರುಣಮ್ಮ ಅಂದು ಡಬ್ಬಿಯ ಬದಲು ತುಂಬಿದ ಬಟ್ಟೆಚೀಲ ತಂದಿದ್ದರು. ನೇರವಾಗಿ ಬಂದು ಅದನ್ನು ಬಿದಿರಿನ ಬುಟ್ಟಿಯ ಮೇಲೆ ಹಿಡಿದರು.

ನಾನು ಹೇಳಿದೆ: "ಕರುಣಮ್ಮ, ಇದಲ್ಲ. ನಿಮ್ದು ಆ ಬುಟ್ಟಿ."

ಮಂದಿರ ಚಿಕ್ಕದು, ನನ್ನ ಗಂಟಲು ದೊಡ್ಡದು. ಪೇಟೆ ಬೀದಿಯ ಹೆಂಗಸರೆಲ್ಲ ನನಗೆ ಆಂಟಿ, ಇಲ್ಲವೇ ಅಜ್ಜಿ. ನನ್ನ ತಾಯಿಗಿಂತ ಹಿರಿಯರಾದ ಇವರನ್ನು ಮಾತ್ರ ಬರಿಯ ಹೆಸರು ಹಿಡಿದು ಕರೆಯುತ್ತಿದ್ದೆ. ಅದನ್ನೂ ಯಾರೂ ತಿದ್ದಿರಲಿಲ್ಲ.

"ಇದು ಸೋನಾನೇ ಮಗಾ. ಅಂಗಡಿಯಾಗೆ ತಂದಿದ್ದು," ಎಂದರು ಅವರು. "ನಿಮ್ದರ ಜೊತಿಗೇ ಬೇಯ್ತೈತೆ."

ಅಪ್ಪ ಹೇಳಿದ ಕಾರಣ ಅಲ್ಲಿಗೆ ಮುಗಿಯಬೇಕಿತ್ತು. ನಾನು ಅಪ್ಪನ ಕಡೆ ನೋಡಿದೆ. ಅವರು ಹಾಡಿನ ಪುಸ್ತಕದಲ್ಲಿ ಏನನ್ನೋ ಹುಡುಕುತ್ತಿದ್ದರು. ಉಳಿದವರೂ ಏನೂ ಹೇಳಲಿಲ್ಲ. ಆ ಮೌನವನ್ನು ಒಪ್ಪಿಗೆ ಎಂದು ತಿಳಿದ ನಾನು, ಚೀಲವನ್ನು ಅವರ ಕೈಯಿಂದ ತೆಗೆದುಕೊಂಡು ಪ್ಲಾಸ್ಟಿಕ್ ಬುಟ್ಟಿಗೆ ಸುರಿದೆ. ಕರುಣಮ್ಮ ಖಾಲಿ ಚೀಲವನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಡಿಚಿ, ಪ್ರಾರ್ಥನೆ ಶುರುವಾಗುವ ಮೊದಲೇ ಹೊರಟುಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಶಾಲೆಯಲ್ಲಿ ಎಸ್ತೇರ್ ಬೆಂಚು ಬದಲಾಯಿಸಿದಳು. ಕುಂಟೆಬಿಲ್ಲೆಯಲ್ಲಿ ನನ್ನ ಸರದಿ ಬಂದಾಗ ಬಳೆಚೂರನ್ನು ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಕಾರಣ ಕೇಳಿದ್ದಕ್ಕೆ, "ನಿಮ್ಮದು ಆ ಗೆರೆ, ನಮ್ಮದು ಈ ಗೆರೆ," ಎಂದಳು. ಬೇರೆ ಹುಡುಗಿಯರು ನಕ್ಕರು. ನಾನು ಮನೆಗೆ ಬಂದು ಅತ್ತಾಗ ಅಮ್ಮ, ಅವರ ಸ್ವಭಾವವೇ ಹಾಗೆ, ಬೇಗ ಮುನಿಸಿಕೊಳ್ಳುತ್ತಾರೆ ಎಂದಳು. ನನ್ನ ತಾಯಿ ಒಳ್ಳೆಯವಳು. ಒಳ್ಳೆಯವರ ಬಾಯಲ್ಲಿ ಬರುವ 'ಅವರು' ಎಂಬ ಈ ಪದ ಎಷ್ಟು ಗಾಯ ಮಾಡಿದೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಸುಗ್ಗಿ ಆರಾಧನೆಗೆ ಒಂದು ವಾರವಿದ್ದಾಗ ಸುಗುಣ ಟೀಚರ್ ಕೊಟ್ಟ ವಚನ ಕಾಣಿಕೆಗೆ ಸಂಬಂಧಿಸಿದ್ದು. ಕಾಣಿಕೆ ತಂದು ನಿಂತಾಗ, ನಿನ್ನ ಮೇಲೆ ಯಾರಿಗಾದರೂ ದೂರಿದೆ ಎಂದು ನೆನಪಾದರೆ, ತಂದದ್ದನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ಅವರೊಂದಿಗೆ ಒಂದಾಗು, ಆಮೇಲೆ ಬಂದು ಅರ್ಪಿಸು ಎಂಬುದು ಅದರ ತಾತ್ಪರ್ಯ. ತರಗತಿ ಮುಗಿದ ಮೇಲೆ ನಾನು ಟೀಚರ್ ಹಿಂದೆಯೇ ಹೋಗಿ, ಬುಟ್ಟಿಯ ವಿಷಯ ಹೇಳಿ, ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡರೆ ಸಾಕಾಗುವುದಿಲ್ಲವೇ ಎಂದು ವಿಚಾರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಜಡೆಯ ರಿಬ್ಬನ್ ಸರಿಮಾಡಿದರು. ಆ ವಚನದಲ್ಲಿ ಕಾಲಿಗೆ ಕೆಲಸವಿದೆ, ಮನಸ್ಸಿಗಲ್ಲ ಎಂದರು. ತಾವೂ ಆರು ವರ್ಷದಿಂದ ಆ ಎರಡು ಬುಟ್ಟಿಗಳನ್ನು ನೋಡುತ್ತ ಸುಮ್ಮನಿದ್ದುದಾಗಿಯೂ ಹೇಳಿದರು. ದೊಡ್ಡವರೊಬ್ಬರು ನನ್ನೆದುರು ತಮ್ಮ ತಪ್ಪನ್ನು ಒಪ್ಪಿಕೊಂಡದ್ದು ಅದೇ ಮೊದಲು.

ಹಬ್ಬದ ಬೆಳಿಗ್ಗೆ ಚಳಿ ಇತ್ತು. ಹಿತ್ತಲಿನಲ್ಲಿ ಸಾರಿಗೆ ಒಗ್ಗರಣೆ ಬಿದ್ದು, ಬೆಳ್ಳುಳ್ಳಿಯ ಘಮ ಮಂದಿರದೊಳಗೂ ಬರುತ್ತಿತ್ತು. ಹೊನ್ನಾಳಿಯ ಬಸ್ಸು ತಡವಾದ್ದರಿಂದ ಪಾಸ್ಟರ್ ಇನ್ನೂ ಬಂದಿರಲಿಲ್ಲ. ಕಾಲ ಕಳೆಯಲು ಒಂದರ ಮೇಲೊಂದು ಹಾಡು ಹೇಳುತ್ತಿದ್ದರು. ಕೂಡಿಟ್ಟ ಅಕ್ಕಿಯನ್ನೆಲ್ಲ ಆಗಲೇ ಎರಡು ಬುಟ್ಟಿಗಳಿಗೆ ತುಂಬಿದ್ದರು. ನಾನು ನಮ್ಮ ಮನೆಯ ಡಬ್ಬಿಯೊಂದಿಗೆ ಮುಂದೆ ಹೋದೆ. ಸುರಿಯಲಿಲ್ಲ. ಪೀಠದ ಮೆಟ್ಟಿಲ ಮೇಲಿಟ್ಟು, ಪಕ್ಕದ ಬಾಗಿಲಿನಿಂದ ಹೊರಗೆ ಬಂದು, ಕಾಲೊನಿಯ ದಾರಿ ಹಿಡಿದೆ. ಧೈರ್ಯದಿಂದಲ್ಲ, ಇಲ್ಲದಿದ್ದರೆ ಮಧ್ಯಾಹ್ನ ಟೀಚರ್ ಕೇಳಿದಾಗ ಹೇಳಲು ಏನೂ ಇರುವುದಿಲ್ಲ ಎಂಬ ಭಯದಿಂದ.

ಕರುಣಮ್ಮ ಬಾಗಿಲ ಮುಂದೆ ಕುಳಿತು ಎಸ್ತೇರಳ ತಲೆ ಬಾಚುತ್ತಿದ್ದರು. ಜ್ವರ ಬಿಟ್ಟ ಮೇಲೆ ಅವಳ ಕೂದಲು ಉದುರುತ್ತಿತ್ತು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, "ಅವತ್ತು ನಾನು ಹಂಗೆ ಹೇಳಬಾರದಿತ್ತು. ತಪ್ಪಾಯ್ತು ಆಂಟಿ," ಎಂದೆ.

ಎಸ್ತೇರ್ ತಲೆ ಎತ್ತಲಿಲ್ಲ. ಕರುಣಮ್ಮ ಬಾಚಣಿಗೆಗೆ ಸುತ್ತಿದ ಕೂದಲನ್ನು ಬಿಡಿಸುತ್ತ, "ನಿಂದೇನೈತೆ ಬಿಡು ಮಗಾ. ದೊಡ್ಡೋರು ಬಾಯಿ ಬಿಡದೆ ಮಾಡ್ತಿದ್ದದ್ದನ್ನ ನೀನು ಬಾಯಿ ಬಿಟ್ಟು ಹೇಳಿದಿ," ಎಂದರು.

ಅಷ್ಟರಲ್ಲಿ ಅಪ್ಪ ಬಂದರು. ನನ್ನನ್ನು ಹಿಂದಕ್ಕೆ ಕರೆದೊಯ್ಯಲು ಬಂದವರು, ಏದುಸಿರು ಬಿಡುತ್ತಿದ್ದರು. ಕರುಣಮ್ಮ ಚಾಪೆ ಸರಿಸಿ ಕೂರಲು ಹೇಳಿದರೂ ನಿಂತೇ ಇದ್ದರು. ಮಗುವಿಗೆ ತಿಳಿಯದೆ ಆಡಿದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬಾರದು, ಬುಟ್ಟಿ ಬೇರೆ ಇಟ್ಟಿರುವುದು ಕೇವಲ ಅಕ್ಕಿ ಬೇಯುವ ಹದಕ್ಕಾಗಿ ಎಂದು ತರಗತಿಯಲ್ಲಿ ಹೇಳುವ ಹಾಗೆ ವಿವರಿಸಿದರು. ಕರುಣಮ್ಮ ಪೂರ್ತಿ ಕೇಳಿಸಿಕೊಂಡರು.

"ಮೇಷ್ಟ್ರೇ, ನಮ್ಮ ಮನಿಯಾಗೆ ಎರಡೂ ಅಕ್ಕಿ ಬೆರೆಸೇ ಅನ್ನ ಮಾಡೋದು. ದಪ್ಪಕ್ಕಿ ಅರ್ಧ ಗಂಟೆ ಮೊದ್ಲು ನೆನೆ ಹಾಕ್ಬೇಕು. ಅದು ಅರ್ಧ ಬೆಂದ ಮ್ಯಾಲೆ ಸೋನಾ ಹಾಕಿದ್ರೆ ಎರಡೂ ಒಂದೇ ಹದಕ್ಕೆ ಬರ್ತಾವೆ. ಇದು ಯಾವ ದೊಡ್ಡ ವಿದ್ಯೆ. ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ."

ಅಪ್ಪ ಮಂದಿರದ ಕಡೆಗೆ ತಿರುಗಿ ನೋಡಿದರು.

"ಬಾ ಅಂದ್ರೆ ಬರ್ತೀನಿ," ಎಂದರು ಕರುಣಮ್ಮ. "ಒಲಿ ಹತ್ರ ಬರ್ತೀನಿ. ಪಾತ್ರೆ ತಿಕ್ಕಾಕೆ ಬರಲ್ಲ."

ಅಪ್ಪ ಒಂದೇ ಮಾತು ಹೇಳಿದರೆ ಸಾಕಿತ್ತು. "ಪಾಸ್ಟರ್ ಅವರನ್ನ ಕೇಳಿ ಹೇಳ್ತೀನಿ," ಎಂದರು.

"ಕೇಳ್ರಿ ಮತ್ತೆ. ನಾನೇನು ಎಲ್ಲಿಗೂ ಹೋಗಲ್ಲ."

ಹಿಂದಿರುಗುವಾಗ ಅಪ್ಪ ನನ್ನನ್ನು ಬೈಯಲಿಲ್ಲ, ಕೈ ಹಿಡಿದುಕೊಳ್ಳಲೂ ಇಲ್ಲ. ನಾವು ಮಂದಿರ ತಲುಪುವ ಹೊತ್ತಿಗೆ ಪಾಸ್ಟರ್ ಬಂದು, ಕಾಣಿಕೆಯ ಪ್ರಾರ್ಥನೆಗೆ ಅಪ್ಪನಿಗಾಗಿ ಕಾಯುತ್ತಿದ್ದರು. ಅಪ್ಪ ಅವರನ್ನು ಏನೂ ಕೇಳಲಿಲ್ಲ. ಮೆಟ್ಟಿಲ ಮೇಲೆ ನಾನು ಬಿಟ್ಟುಹೋಗಿದ್ದ ಡಬ್ಬಿಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಎಡಗಡೆಯ ಪ್ಲಾಸ್ಟಿಕ್ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ಇಡೀ ಸಭೆಯ ಮುಂದೆ, ಬಿದಿರಿನ ಬುಟ್ಟಿಗೆ ಸುರಿದರು. ಬುಟ್ಟಿ ತುಂಬಿ ಅಕ್ಕಿ ಗಾರೆ ನೆಲದ ಮೇಲೆಲ್ಲ ಚೆಲ್ಲಿತು. ಅಡುಗೆಯ ಉಸ್ತುವಾರಿಯ ಲಿಲ್ಲಿ ಆಂಟಿ ಎದ್ದುನಿಂತು, ಇದನ್ನು ಬೇಯಿಸುವುದು ಹೇಗೆಂದು ಕೇಳಿದರು. "ಒಂದೇ ಪಾತ್ರೆ ಇಡ್ರಿ," ಎಂದಷ್ಟೇ ಹೇಳಿ ಅಪ್ಪ ಕುಳಿತುಬಿಟ್ಟರು. ಪ್ರಾರ್ಥನೆಯನ್ನು ಪಾಸ್ಟರೇ ಮಾಡಿ ಮುಗಿಸಿದರು. ಪೇಟೆ ಬೀದಿಯ ಎರಡು ಕುಟುಂಬಗಳು ಆಶೀರ್ವಾದಕ್ಕೂ ನಿಲ್ಲದೆ ಎದ್ದುಹೋದವು.

ಇದನ್ನು ಗೆಲುವೆಂದು ಬರೆಯಬಹುದಿತ್ತು. ಆದರೆ ಅಪ್ಪ ವಿಜ್ಞಾನದ ಮೇಷ್ಟ್ರಾದರೂ ಒಂದು ಗಂಟೆ ಹಿಂದೆ ಕೇಳಿದ ಪಾಠವನ್ನು ಮರೆತಿದ್ದರು. ನೆನೆಸದೆ ಬೆರೆಸಿದ ಅಕ್ಕಿಯನ್ನು ಇನ್ನು ಬೇರ್ಪಡಿಸುವಂತಿರಲಿಲ್ಲ. ಲಿಲ್ಲಿ ಆಂಟಿ ದೊಡ್ಡ ಪಾತ್ರೆಗೆ ಹಾಕಿ ಕುದಿಸಿದರು. ಸೋನಾ ಅಂಟಾಯಿತು, ದಪ್ಪಕ್ಕಿ ಹಲ್ಲಿಗೆ ಕಟಕಟ ಎನ್ನುತ್ತಿತ್ತು. ಎಂಬತ್ತು ಜನ ಹಸಿದು ಕುಳಿತಿದ್ದರು. ಕೊನೆಗೆ ಕಾಲೊನಿಯ ಹೆಂಗಸೊಬ್ಬರು, ಇದನ್ನು ಸರಿಮಾಡಿದರೆ ಕರುಣಕ್ಕನೇ ಮಾಡಬೇಕು ಎಂದರು. ಲಿಲ್ಲಿ ಆಂಟಿಯೇ ಹೇಳಿ ಕಳಿಸಿದರು.

ಕರುಣಮ್ಮ ಬಂದರು. ಹಿತ್ತಲಿನ ಎಲ್ಲರೂ ದಾರಿ ಬಿಟ್ಟರು. ಅವರು ಪಾತ್ರೆಗೆ ಇಣುಕಿ ನೋಡಿ, ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ, "ಬೆರೆಸೋ ಮೊದ್ಲು ಒಂದು ಮಾತು ಕೇಳಬಾರ್ದಿತ್ತಾ," ಎಂದರು.

"ತಲಿ ಓಡ್ಲಿಲ್ಲ ಕಣ್ರೀ," ಎಂದರು ಲಿಲ್ಲಿ ಆಂಟಿ.

"ಅನ್ನ ಆಗಲ್ಲ ಇದು. ಹೆಸರುಬೇಳೆ ಐತಾ? ಹುಗ್ಗಿ ಮಾಡಾಣ. ಹುಗ್ಗಿಯಾಗೆ ಯಾರ ಅಕ್ಕಿ ಮೆತ್ತಗಾತು, ಯಾರದು ಗಟ್ಟಿ ಉಳೀತು ಅಂತ ಯಾರು ನೋಡ್ತಾರೆ."

ಹುರಿದ ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ ಸೇರಿಸಿ, ಬಿಸಿನೀರು ಹೊಯ್ದು, ಸಣ್ಣ ಉರಿಯಲ್ಲಿ ಅವರು ಒಂದು ಗಂಟೆ ಆ ಪಾತ್ರೆಯ ಮುಂದೆ ನಿಂತರು. ಮೂರು ಗಂಟೆಯ ಹೊತ್ತಿಗೆ ಎಲ್ಲರೂ ಜಗಲಿಯ ಮೇಲೆ ಮತ್ತು ಅಂಗಳದಲ್ಲಿ ಸಿಕ್ಕ ಸಿಕ್ಕಲ್ಲಿ ಕುಳಿತು, ಮುತ್ತುಗದ ಎಲೆಯ ಮೇಲೆ ಹುಗ್ಗಿ ಉಂಡರು. ಎಸ್ತೇರ್ ನನ್ನ ಪಕ್ಕ ಕೂರಲಿಲ್ಲ, ಎದುರಿಗೆ ಕುಳಿತಳು. ಸಂಜೆ ಪಾತ್ರೆ ಉಜ್ಜಿದವರು ಸುಗುಣ ಟೀಚರ್ ಮತ್ತು ಅಮ್ಮ.

ನಾವು ಕರುಣಮ್ಮನವರನ್ನು ಒಲೆಯ ಬಳಿಗೆ ಕರೆದದ್ದು ನ್ಯಾಯಕ್ಕಾಗಿ ಅಲ್ಲ, ಅನ್ನ ಕೆಟ್ಟಿತೆಂದು. ಇದನ್ನು ನಾನು ಮುಚ್ಚಿಡುವುದಿಲ್ಲ. ಮುಂದಿನ ವರ್ಷದಿಂದ ಬುಟ್ಟಿ ಒಂದೇ ಆಯಿತು, ಅಡುಗೆ ಅವರದಾಯಿತು. ಅವರು ತಪ್ಪದೆ ಸಭೆಗೆ ಬಂದರು. ಆದರೆ ಅವರೊಂದಿಗೆ ಒಂದಾಗಲು ಬೇಕಾಗಿದ್ದ ಮಾತನ್ನು, ಹತ್ತು ವರ್ಷದ ಹುಡುಗಿಯೊಬ್ಬಳನ್ನು ಬಿಟ್ಟು, ಯಾರೂ ಆಡಲಿಲ್ಲ. ಬುಟ್ಟಿ ಇಟ್ಟವರು ಆಡಲಿಲ್ಲ, ಹಾಡಿನ ಪುಸ್ತಕದಲ್ಲಿ ಹುಡುಕುತ್ತ ನಿಂತವರೂ ಆಡಲಿಲ್ಲ. ಸುರಿದದ್ದೇ ಸಾಕೆಂದು ಅಪ್ಪ ನಂಬಿಕೊಂಡರು. ಪ್ರತಿ ಭಾನುವಾರ ಅವರೂ ಕರುಣಮ್ಮನೂ ನಮಸ್ಕಾರ ಹೇಳಿಕೊಂಡು ಹದಿನೈದು ವರ್ಷ ಕಳೆದರು.

ಈಗ ಮಂದಿರಕ್ಕೆ ಆರ್‌ಸಿಸಿ ಛಾವಣಿ, ಟೈಲ್ಸ್, ಮೈಕ್ ಎಲ್ಲ ಬಂದಿವೆ. ಹಿಡಿ ಅಕ್ಕಿ ನಿಂತಿದೆ. ಕಾಣಿಕೆಗೆ ಬಾಗಿಲಲ್ಲೇ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದಾರೆ. ಪ್ರೀತಿ ಭೋಜನ ಚನ್ನಗಿರಿಯ ಕೇಟರಿಂಗಿನವರಿಂದ, ಮುಚ್ಚಿದ ಡಬ್ಬಿಗಳಲ್ಲಿ, ತಲೆಗೊಂದರಂತೆ ಬರುತ್ತದೆ. ನಮ್ಮಲ್ಲಿ ಭೇದವಿಲ್ಲ ಎಂದು ಈಗಿನ ಹಿರಿಯರು ಹೇಳುತ್ತಾರೆ. ಹಿಂದಿನ ಸಾಲುಗಳಲ್ಲಿ ಕಾಲೊನಿಯವರೇ ಏಕೆ ಕೂರುತ್ತಾರೆ, ಸಮಿತಿಯಲ್ಲಿ ಅವರ ಹೆಸರು ಏಕಿಲ್ಲ ಎಂದು ನಾನು ಕೇಳಿದರೆ, ಅದು ಅವರವರ ಇಷ್ಟ ಎಂಬ ಉತ್ತರ ಬರುತ್ತದೆ. ಅಂದಿನ ತಪ್ಪು ಮಕ್ಕಳ ಕಣ್ಣಿಗೂ ಬೀಳುವಂತೆ ಪೀಠದ ಮುಂದೆಯೇ ಇತ್ತು. ಇಂದಿನದನ್ನು ಎತ್ತಿ ಸುರಿಯಲು ಎಲ್ಲಿ ಕೈ ಹಾಕಬೇಕೆಂಬುದೇ ತಿಳಿಯುವುದಿಲ್ಲ. ಕಳೆದುಹೋದದ್ದು ಇದು. ಬೇವಿನೆಲೆಯ ವಾಸನೆಗಾಗಿ ನಾನು ಹಲುಬುತ್ತಿಲ್ಲ.

ಇನ್ನೂ ಒಂದು ನಷ್ಟವಿದೆ. ಕೆಲಸದಿಂದ ನಿವೃತ್ತರಾದ ಮೇಲೆ ಕರುಣಮ್ಮ ಜಗಳೂರಿಗೆ, ಮದುವೆಯಾಗಿ ಅಲ್ಲಿದ್ದ ಎಸ್ತೇರಳ ಮನೆಗೆ ಹೋದರು. ಹೋದ ವರ್ಷ ತೀರಿಕೊಂಡರು. ಸುದ್ದಿ ನಮಗೆ ತಲುಪಿದ್ದು ಮಣ್ಣಾದ ಎಂಟು ದಿನಗಳ ಮೇಲೆ. ಅಪ್ಪ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನಾನೂ ಅವರೂ ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಜಗಳೂರಿಗೆ ಹೋದೆವು. ಎಸ್ತೇರ್ ಚಹಾ ಮಾಡಿಕೊಟ್ಟಳು. ಲೋಟ ಕೆಳಗಿಟ್ಟು ಅಪ್ಪ, ನಿಮ್ಮ ತಾಯಿಗೆ ಸಭೆಯಲ್ಲಿ ನಾನು ಅನ್ಯಾಯ ಮಾಡಿದೆ, ಕಣ್ಣಾರೆ ಕಂಡೂ ಸುಮ್ಮನಿದ್ದೆ, ನನ್ನನ್ನು ಕ್ಷಮಿಸಬೇಕು ಎಂದರು. ಹಳ್ಳಿಯ ಮೇಷ್ಟ್ರೊಬ್ಬರು ಇಪ್ಪತ್ತು ವರ್ಷ ತಿದ್ದಿ ತಿದ್ದಿ ಇಟ್ಟುಕೊಂಡ ವಾಕ್ಯಗಳು ಅವು, ಒಂದೂ ತಪ್ಪಿಲ್ಲದೆ ಬಂದವು.

ಎಸ್ತೇರ್ ಆ ಲೋಟವನ್ನು ಎತ್ತಿಕೊಂಡಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಅವ್ವಗೆ ಕೊಡಬೇಕಾದ ಮಾತು ಇದು ಮೇಷ್ಟ್ರೇ. ನಾನು ಇಸ್ಕೊಂಡು ಎಲ್ಲಿ ಇಡ್ಲಿ?"